ಕೆಂಪು ಸೊನ್ನೆ, ನೀಲಿ ಕತ್ತರಿ

ಲೀಡ್ಸ್
೨೯ ಸೆಪ್ಟೆಂಬರ್ ೨೦೨೪

ಅಪ್ಪಾ,

ಶಾಲೆಯಲ್ಲಿ ಕಲಿಸಿದ ತೀರ್ಥರೂಪ, ಶಿರಸಾಷ್ಟಾಂಗ ಎಲ್ಲ ಬಿಟ್ಟು ನೇರ ಮಾತಿಗೆ ಬರುತ್ತೇನೆ, ಸಿಟ್ಟಾಗಬೇಡ. ಫೋನಿನಲ್ಲಿ ‘ಊಟ ಆತು’, ‘ಆರಾಮ ಅದೀನಿ’ ಎಂದು ಬರೆದು ಬರೆದು ಸಾಕಾಗಿದೆ. ವಿಡಿಯೋದಲ್ಲಿ ನೀನು ಮುಖ ತೋರಿಸುವುದಿಲ್ಲ, ಫೋನನ್ನು ನಮ್ಮ ಶೆಡ್ಡಿನಲ್ಲಿ ನೇಯುವ ಮಹಬೂಬಸಾಬ ಕಾಕಾನ ಮಗ್ಗದ ಕಡೆ ತಿರುಗಿಸಿ ಪಾರಾಗುತ್ತೀಯ. ಅದಕ್ಕೇ ಕಾಗದದ ಮೇಲೆ ಬರೆದು ಅದರ ಫೋಟೋ ತಂಗಿ ಸುನಿಯ ಫೋನಿಗೆ ಕಳಿಸುತ್ತಿದ್ದೇನೆ. ನೀನೂ ಹೀಗೇ ಬರೆ. ಅವಳ ಕೈಲಿ ಫೋಟೋ ತೆಗೆಸಿ ಕಳಿಸು.

ಬುಧವಾರ ಮಧ್ಯಾಹ್ನ ಹಾಸ್ಟೆಲಿನ ಅಡುಗೆಮನೆಯಲ್ಲಿ ಅನ್ನಕ್ಕಿಟ್ಟಿದ್ದೆ. ಅನ್ನ ಬಸಿದು, ಅವ್ವ ಕೊಟ್ಟ ಶೇಂಗಾ ಚಟ್ನಿ ಹಾಕಿಕೊಂಡು ಒಬ್ಬಳೇ ಆರಾಮವಾಗಿ ಉಂಡೆ. ಯಾರೂ ಇಲ್ಲವಲ್ಲ, ಎಷ್ಟು ಚೆನ್ನ ಎಂದುಕೊಂಡೆ. ತಟ್ಟೆ ತೊಳೆದು ಕೆಳಗೆ ಬಂದರೆ ಮುನ್ನೂರು ಜನ ಹೊರಗೆ ಹುಲ್ಲಿನ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಾರೆ! ಬೆಂಕಿಯ ಗಂಟೆ ಇಪ್ಪತ್ತು ನಿಮಿಷದಿಂದ ಹೊಡೆದುಕೊಳ್ಳುತ್ತಿತ್ತಂತೆ. ಬೆಂಕಿ ಇರಲಿಲ್ಲ, ಬರೀ ತಾಲೀಮು. ಇದ್ದಿದ್ದರೂ ನಾನು ಚಟ್ನಿ ಕಲಸುತ್ತಲೇ ಇರುತ್ತಿದ್ದೆ.

ಮರುದಿನ ವಿದ್ಯಾರ್ಥಿ ನೆರವಿನ ಕಚೇರಿಗೆ ಕರೆದರು. ಅಲ್ಲಿನ ಹೆಂಗಸಿಗೆ ಎಲ್ಲ ಬರೆದು ತೋರಿಸಿದೆ. ನಾಲ್ಕನೇ ವರ್ಷಕ್ಕೆ ಜ್ವರ ಬಂದು ಎರಡೂ ಕಿವಿ ಹೋದದ್ದು, ತುಟಿ ನೋಡಿ ಮಾತು ತಿಳಿಯುವುದು, ಅಪ್ಪನ ಶೆಡ್ಡಿನಲ್ಲಿ ಎಂಟು ಪಾವರಲೂಮು ಒಟ್ಟಿಗೆ ಬಡಿಯುವಾಗ ಯಾರಿಗೂ ಏನೂ ಕೇಳದೆ ಎಲ್ಲರೂ ಕೈಯಲ್ಲೇ ಮಾತಾಡುವುದು, ಆ ಕೈಮಾತಿನಲ್ಲಿ ನಾನೇ ಎಲ್ಲರಿಗಿಂತ ಚುರುಕು ಎಂಬುದು. ಆಕೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು. ನನ್ನ ಅರ್ಜಿಯಲ್ಲಿ, ಅಂಗವೈಕಲ್ಯ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದಿದೆ.

ನನಗೆ ಪರೀಕ್ಷೆ ಇತ್ತೆಂದು ಆ ಅರ್ಜಿ ತುಂಬಲು ನೀನೇ ಹುಬ್ಬಳ್ಳಿಯ ಏಜೆಂಟನ ಹತ್ತಿರ ಹೋಗಿದ್ದೆ. ಆ ಸಾಲು ಯಾರು ಬರೆಸಿದ್ದು ಅಪ್ಪಾ?

ಚಳಿ ಹಲ್ಲು ಕಡಿಸುತ್ತಿದೆ. ಹಳೆಯ ಸೀರೆಗಳನ್ನು ಸೇರಿಸಿ ಅವ್ವ ಹೊಲಿದ ಕೌದಿ ಹೊದ್ದುಕೊಂಡೇ ಓದುತ್ತೇನೆ. ನಡುವಿನ ಆ ಹಳದಿ ತುಂಡು, ಮೆಟ್ಟಿಲು ಇಳಿದಂತೆ ಸೀರೆಯಂಚಿನ ದಡಿ ಇರುವುದು, ಸರಿಯಾಗಿ ಕುತ್ತಿಗೆಗೆ ಬರುತ್ತದೆ.

ನಿನ್ನ
ರಂಜನಿ

•

ಬೆಟಗೇರಿ
೧೦ ಅಕ್ಟೋಬರ್ ೨೦೨೪

ಚಿರಂಜೀವಿ ಶಿವರಂಜನಿಗೆ ಅಪ್ಪನ ಆಶೀರ್ವಾದ.

ನಾವೆಲ್ಲ ಕ್ಷೇಮ. ನಾಳೆ ಮಗ್ಗಗಳಿಗೆ ಪೂಜೆ. ಮೂರನೇ ಮಗ್ಗದ ಪಟ್ಟಾ ಹರಿದಿತ್ತು, ಹೊಸದು ಹಾಕಿಸಿದೆ. ಪೂಜೆಯ ದಿನ ಕುಂಕುಮ ಹಚ್ಚುವುದು ಪ್ರತಿವರ್ಷ ನಿನ್ನ ಕೆಲಸವಾಗಿತ್ತು. ಈ ಸಲ ಮಹಬೂಬಸಾಬ “ರಂಜನಿ ಇಲ್ಲ, ಮಗ್ಗ ಮುನಿಸಿಕೊಂಡಾವ್ರಿ ಮಾಲಕರ” ಎಂದು ಕೈಯಲ್ಲೇ ಹೇಳಿ ನಗಿಸಿದ.

ಒಲೆಯ ಮೇಲೆ ಏನಾದರೂ ಇಟ್ಟಾಗ ಬಾಗಿಲು ತೆರೆದಿಡು. ಕ್ಲಾಸಿನಲ್ಲಿ ಮುಂದಿನ ಬೆಂಚಿಗೆ ಕುಳಿತುಕೋ. ಬೆಟಗೇರಿಯ ಶಾಲೆಯಿಂದ ಧಾರವಾಡದ ಕಾಲೇಜಿನವರೆಗೆ ಮುಂದಿನ ಬೆಂಚಿನಿಂದಲೇ ನೀನು ಮೊದಲ ನಂಬರ್ ಬಂದವಳು. ಊರು ಬದಲಾದರೆ ಬೆಂಚು ಬದಲಾಗುತ್ತದೆಯೇ?

ಸುನಿತಾಳನ್ನು ಲಕ್ಷ್ಮೇಶ್ವರದವರು ನೋಡಿ ಹೋದರು. ಒಳ್ಳೆಯ ಮನೆತನ, ಹುಡುಗ ಹೈಸ್ಕೂಲ್ ಮಾಸ್ತರ. ನಿನ್ನ ಅವ್ವ ಆಗಲೇ ಹಪ್ಪಳಕ್ಕೆ ಹಿಟ್ಟು ಬೀಸಿಸಿದ್ದಾಳೆ. ಕೂಸು ಹುಟ್ಟುವ ಮೊದಲೇ ಕುಲಾವಿ.

ಉಳಿದದ್ದು ಮುಂದೆ ಬರೆಯುತ್ತೇನೆ.

ನಿನ್ನ ತಂದೆ
ದೇವೇಂದ್ರಪ್ಪ

•

ಲೀಡ್ಸ್
೩ ನವೆಂಬರ್ ೨೦೨೪

ಅಪ್ಪಾ,

ನಾನು ಕೇಳಿದ್ದು ಒಂದೇ ಪ್ರಶ್ನೆ. ನೀನು ಮಗ್ಗದ ಪಟ್ಟಾದ ಸುದ್ದಿ ಬರೆದೆ.

ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದೇನೆ. ಪ್ರೊಫೆಸರರಿಗೆ ಮೀಸೆ ತುಟಿ ಮುಚ್ಚುವಷ್ಟು. ಪಾಠ ಹೇಳುತ್ತ ಹೇಳುತ್ತ ಹಿಂದಿನ ಸಾಲಿನವರೆಗೂ ಅಡ್ಡಾಡುತ್ತಾರೆ, ನಾನು ಅವರ ಬೆನ್ನು ನೋಡುತ್ತ ಕೂರುತ್ತೇನೆ. ಕನ್ನಡ ಬಾಯಿಯ ಚಲನೆ ನನಗೆ ಗೊತ್ತು, ಬೆಟಗೇರಿಯವರು ಎಲೆಅಡಿಕೆ ತುಂಬಿಕೊಂಡು ಮಾತಾಡಿದರೂ ಬಿಡಿಸಿಕೊಳ್ಳುತ್ತೇನೆ. ಇವರ ಇಂಗ್ಲಿಷು ತುಟಿಯ ಹಿಂದೆಯೇ ಉಳಿಯುತ್ತದೆ. ಮಾತನ್ನು ಅಕ್ಷರ ಮಾಡುವ ಫೋನು ಇದೆಯಲ್ಲ ಎನ್ನಬೇಡ. ದೂರದವರ ಮಾತು ಅದಕ್ಕೂ ಕೇಳುವುದಿಲ್ಲ. ಅದೂ ನನ್ನ ಹಾಗೆಯೇ ಊಹೆ ಮಾಡುತ್ತದೆ.

ಕಚೇರಿಯವರು ಒಂದು ದಿನದ ಮಟ್ಟಿಗೆ ಸನ್ನೆಭಾಷೆಯ ಒಬ್ಬರನ್ನು ಕರೆಸಿದರು, ಪಾಪ. ಅವರ ಕೈ ಸರಸರ ಓಡಿತು. ನನಗೆ ಒಂದೂ ತಿಳಿಯಲಿಲ್ಲ. ನನಗೆ ಬರುವುದು ‘ಎಳೆ ಹರಿಯಿತು’, ‘ಲಾಳಿ ತಾ’, ‘ಮಗ್ಗ ನಿಲ್ಲಿಸು’, ‘ಚಹಾ ಬಂತು’. ಕೇಳುವವರ ನಡುವೆ ಕಿವುಡಿ ಸರಿ. ಕಿವುಡರ ಭಾಷೆಗೂ ನಾನು ಕಿವುಡಿಯೇ ಆದೆ. ಅವತ್ತು ರೂಮಿಗೆ ಬಂದು ಬಹಳ ಅತ್ತೆ ಅಪ್ಪಾ.

ಈಗ ನನಗೆ ತಲೆಯಾಡಿಸುವ ರೋಗ ಅಂಟಿದೆ. ಯಾರು ಏನಂದರೂ ನಕ್ಕು ತಲೆಯಾಡಿಸುತ್ತೇನೆ. ಹೀಗೆ ತಲೆಯಾಡಿಸಿ ಐದು ಜನರ ತಂಡದ ನಾಯಕಿಯಾದೆ. ಯಾವ ಕೆಲಸದ ತಂಡ ಎಂದು ಗೊತ್ತಾದದ್ದು ಕೆಲಸ ಒಪ್ಪಿಸುವ ದಿನ. ಅವರು ಬೈದರು. ಬೈದದ್ದು ಮಾತ್ರ ಚೆನ್ನಾಗಿ ತಿಳಿಯಿತು.

ಹತ್ತು ದಿನದಿಂದ ನಾನು ಕ್ಲಾಸಿಗೆ ಹೋಗಿಲ್ಲ. ಹಾಜರಿ ಕಡಿಮೆಯಾದರೆ ವೀಸಾ ಹೋಗುತ್ತದೆ ಎಂದು ಎಚ್ಚರಿಕೆಯ ಪತ್ರ ಬಂದಿದೆ.

ಉಪಾಯ ಒಂದೇ ಇದೆ. ಕ್ಲಾಸಿನಲ್ಲಿ ಪಕ್ಕಕ್ಕೆ ಕೂತು ಎಲ್ಲ ಮಾತನ್ನೂ ಪರದೆಯ ಮೇಲೆ ಟೈಪ್ ಮಾಡುವವರನ್ನು ಕೊಡುತ್ತಾರೆ. ಅರ್ಜಿಯಲ್ಲಿ ‘ಇಲ್ಲ’ ಎಂದಿರುವುದರಿಂದ ವೈದ್ಯರ ಕಾಗದ ಬೇಕು. ಇಲ್ಲಿ ಪರೀಕ್ಷೆಗೆ ಸರದಿ ಸಿಕ್ಕಿರುವುದು ಫೆಬ್ರವರಿಗೆ. ಕಾಗದ ಕೊಡಲು ಕೊನೆಯ ದಿನ ಡಿಸೆಂಬರ್ ಆರು. ಆರನೇ ವರ್ಷದಲ್ಲಿ ನನ್ನನ್ನು ಗದಗಿನ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದೆಯಲ್ಲ, ಅವರು ಒಂದು ಕಾಗದ ಕೊಟ್ಟದ್ದು ನನಗೆ ನೆನಪಿದೆ. ಅದು ನಿನ್ನ ಟ್ರಂಕಿನಲ್ಲಿರಬೇಕು. ಫೋಟೋ ಸಾಕು. ಕೈಮುಗಿಯುತ್ತೇನೆ, ಜಲ್ದಿ ಕಳಿಸು.

ರಂಜನಿ

•

ಬೆಟಗೇರಿ
೧೨ ನವೆಂಬರ್ ೨೦೨೪

ಮಗಳೇ,

ನಾನೇ ಬರೆಸಿದ್ದು. ಏಜೆಂಟ ಕೇಳಿದ, “ಹುಡುಗಿಗೆ ಏನರ ಊನ ಐತೇನ್ರಿ?” ಅಂತ. ನಾನು “ನನ್ನ ಮಗಳಿಗೇನೂ ಕಮ್ಮಿ ಇಲ್ಲ, ಇಲ್ಲ ಅಂತ ಬರಕೋರಿ” ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನ್ನಿಸಲೇ ಇಲ್ಲ. ಇಪ್ಪತ್ತು ವರ್ಷ ನಿನ್ನನ್ನು ನೋಡಿದ್ದು ಶೆಡ್ಡಿನಲ್ಲಿ. ಅಲ್ಲಿ ನಿನಗೆ ಏನು ಕಮ್ಮಿ ಇತ್ತು?

ಕಾಗದ ಮನೆಯಲ್ಲಿಲ್ಲ. ಎಲ್ಲಿ ಹೋಯಿತೆಂದು ಕೇಳಬೇಡ.

ಆಸ್ಪತ್ರೆಯಲ್ಲಿ ಹಳೆಯ ದಾಖಲೆ ಇದ್ದೇ ಇರುತ್ತದೆ, ನಕಲು ಕೊಡುತ್ತಾರೆ. ಆದರೆ ಆ ಕಿಟಕಿಯಲ್ಲಿ ಕೂರುವ ಗುಮಾಸ್ತ ಲಕ್ಷ್ಮೇಶ್ವರದ ಹುಡುಗನ ಸೋದರಮಾವ. ನಿನ್ನ ಬಗ್ಗೆ ಅವರು ಕೇಳಿದಾಗ ನಿನ್ನ ಅವ್ವ “ಹಿರಿಯಾಕಿ ವಿಲಾಯತಿಯೊಳಗ ಓದತಾಳ್ರಿ, ಸ್ವಲ್ಪ ಮಾತು ಕಮ್ಮಿ” ಎಂದುಬಿಟ್ಟಿದ್ದಾಳೆ. ನಿನ್ನದು ಜ್ವರದಿಂದ ಆದದ್ದು, ನಮಗೆ ಗೊತ್ತು. ಊರ ಬಾಯಿಗೆ ಅದು ಬೇಕಿಲ್ಲ. ರಕ್ತದಾಗ ಐತಿ, ನಾಳೆ ಹುಟ್ಟೋ ಕೂಸಿಗೂ ಬರತೈತಿ ಅನ್ನುತ್ತಾರೆ.

ಡಿಸೆಂಬರ್ ಎಂಟಕ್ಕೆ ಅವರು ನಿಶ್ಚಯಕ್ಕೆ ಬರುತ್ತಾರೆ. ಅದೊಂದು ಮುಗಿಯಲಿ. ಒಂಬತ್ತನೇ ತಾರೀಕು ಬೆಳಿಗ್ಗೆ ನಾನೇ ಆಸ್ಪತ್ರೆಗೆ ಹೋಗಿ ಕಾಗದ ತರುತ್ತೇನೆ. ಮೂರು ದಿನ ತಡವಾದರೆ ಅವರೇನು ಮನುಷ್ಯರಲ್ಲವೇ, ಕೇಳಿ ನೋಡು. ನನಗೆ ಇಬ್ಬರೂ ಮಕ್ಕಳೇ.

ಅಪ್ಪ

•

ಲೀಡ್ಸ್
೧೭ ನವೆಂಬರ್ ೨೦೨೪

ಅಪ್ಪಾ,

ಕೇಳಿ ನೋಡಿದೆ. ಮೂರು ದಿನವಲ್ಲ, ಮೂರು ಗಂಟೆಯೂ ಇಲ್ಲವಂತೆ. ಆ ದಿನ ತಪ್ಪಿದರೆ ಮುಂದಿನ ಟರ್ಮಿಗೂ ಯಾರೂ ಸಿಗುವುದಿಲ್ಲ. ಜನವರಿಯ ಪರೀಕ್ಷೆಯಲ್ಲಿ ನಪಾಸಾಗುತ್ತೇನೆ. ಆಮೇಲೆ ಅವರೇ ಮನೆಗೆ ಕಳಿಸುತ್ತಾರೆ.

ಹಾಗಾಗುವ ಮೊದಲು ನಾನೇ ಬಂದುಬಿಡುತ್ತೇನೆ. ಡಿಸೆಂಬರ್ ಹತ್ತರ ವಿಮಾನ ನೋಡಿಟ್ಟಿದ್ದೇನೆ. ನಿಶ್ಚಯ ಮುಗಿದಿರುತ್ತದೆ, ಹೆದರಬೇಡ. ಯಾರಾದರೂ ಬಂದರೆ ನನ್ನನ್ನು ಶೆಡ್ಡಿನಲ್ಲಿ ಕೂರಿಸಿ ಎಂಟೂ ಮಗ್ಗ ಚಾಲು ಮಾಡು. ಯಾರಿಗೂ ಗೊತ್ತಾಗುವುದಿಲ್ಲ.

ಮೂರು ದಿನದಿಂದ ನಾನು ಯಾರೊಂದಿಗೂ ಒಂದು ಮಾತೂ ಆಡಿಲ್ಲ. ನನ್ನ ದನಿ ಇದೆಯೋ ಹೋಯಿತೋ ನೋಡಲು ಗಂಟಲ ಮೇಲೆ ಕೈಯಿಟ್ಟು ‘ಅವ್ವಾ’ ಎಂದು ಕೂಗಿದೆ. ಕೈಗೆ ತಿಳಿಯಿತು. ಇನ್ನೂ ಇದೆ.

ರಂಜನಿ

•

ಬೆಟಗೇರಿ
೨೭ ನವೆಂಬರ್ ೨೦೨೪

ಅಕ್ಕಾ,

ನಾ ಸುನಿ. ನಿನ್ನಂಗ ಪುಸ್ತಕದ ಭಾಷಾ ನನಗ ಬರೂದಿಲ್ಲ, ಮಾತಾಡಿದಂಗ ಬರೀತೀನಿ. ಟಿಕೀಟ ತಗಸಬ್ಯಾಡ. ಮೊದಲ ಇದನ್ನ ಪೂರ್ತಿ ಓದು.

ನಿಮ್ಮಿಬ್ಬರ ಪತ್ರದ ಫೋಟೋ ನಾನಽ ತಗೀತೀನಿ, ನಾನಽ ತೋರಸ್ತೀನಿ. ಓದೂದಿಲ್ಲ ಅಂತ ಆಣಿ ಮಾಡಿದ್ದೆ. ನಿನ್ನ ಹೋದ ಪತ್ರ ಬಂದ ದಿನ ಅಪ್ಪ ಅದನ್ನ ಓದಿ ಊಟಾ ಬಿಟ್ಟು ಎದ್ದು ಹ್ವಾದ. ಆವಾಗ ಎಲ್ಲಾ ಓದಿದೆ.

ಟ್ರಂಕಿನ್ಯಾಗ ಕಾಗದ ಇರಲಿಲ್ಲ. ಮಹಬೂಬಸಾಬ ಕಾಕಾನ್ನ ಕೇಳಿದೆ. ಕಾಕಾ ಮಗ್ಗ ನಿಲ್ಲಿಸಿ “ನಡಿ ತಂಗಿ, ಅಯ್ಯೂಬನ ಕಡೆ ಹೋಗೂಣು” ಅಂದ. ಸೀರಿ ಡಿಜೈನಿಗೆ ರಟ್ಟಿನ್ಯಾಗ ತೂತು ಕೊರದು ಕೊಡ್ತಾನಲ್ಲ, ಆ ಅಯ್ಯೂಬ. ನನಗ ತಿಳೀಲಿಲ್ಲ, ಕಿವಿ ಕಾಗದಕ್ಕೂ ಸೀರಿ ಡಿಜೈನಿಗೂ ಏನ ಸಂಬಂಧ?

ಅಯ್ಯೂಬ ಹಳೇ ಗ್ರಾಫಿನ ಗಂಟು ಬಿಚ್ಚಿದ. ಹದಿನೇಳು ವರ್ಷದ ಧೂಳು. ನಡಬರಕ ಒಂದು ಚೌಕಳಿ ಕಾಗದ, ಅದರ ಮ್ಯಾಲ ಕೆಂಪು ಸೊನ್ನಿ, ನೀಲಿ ಕತ್ತರಿ ಗುರ್ತು, ಮೆಟ್ಟಲಾ ಇಳದಂಗ ಇಳಕೊಂತ ಹೋಗ್ಯಾವು. ಬಾಜೂಕ ಅಪ್ಪನ ಪೆನ್ಸಿಲ್ ಗುರ್ತು, “ಇಲ್ಲಿ ಹಳದಿ, ಇಲ್ಲಿ ಎರಡು ಎಳಿ ಬಿಡು” ಅಂತ. ಅಕ್ಕಾ, ಅದು ನಿನ್ನ ಕಿವಿ ಪರೀಕ್ಷಾದ ಕಾಗದ. ಅಪ್ಪ ಅದನ್ನ ದಡಿ ಮಾಡಿ ನೇಯ್ದಾನ.

ಫೋಟೋ ಕಳಿಸೇನಿ. ಆದರ ಕೆಲಸಕ್ಕ ಬರೂದಿಲ್ಲ. ಅಳತಿಗೆ ಕೂಡ್ಲಿ ಅಂತ ಅಯ್ಯೂಬ ಸುತ್ತಲಿನ ಅಂಚು ಕತ್ತರಿಸಿಬಿಟ್ಟಾನ. ನಿನ್ನ ಹೆಸರಿಲ್ಲ, ಡಾಕ್ಟರ ಸಹಿ-ಸಿಕ್ಕಾನೂ ಇಲ್ಲ.

ಮನಿಗೆ ಬಂದು ಅಪ್ಪನ ಮುಂದ ಇಟ್ಟೆ. “ನಾಳೆ ದವಾಖಾನಿಗೆ ಹೋಗು” ಅಂದೆ. ಅವ್ವ ಅಳಾಕ ಹತ್ತಿದಳು. “ಹಾಳ ಮಾಡಕೋತಿ ಸುನಿ, ಎಂಟನೇ ತಾರೀಕಿನ ತನಕಾ ತಡಕೋ” ಅಂದಳು. ಖರೆ ಹೇಳ್ತೀನಿ ಅಕ್ಕಾ, ನಾನೂ ಅತ್ತೆ. ನನಗ ಹುಡುಗ ಪಸಂದ ಇದ್ದ. ಫೋನಿನ್ಯಾಗ ಛಲೋ ಮಾತಾಡ್ತಿದ್ದ. ಆದರ ನಿನ್ನನ್ನ ಮುಚ್ಚಿಟ್ಟು ಮದಿವಿ ಆದರ, ಜೀವನಾ ಪೂರ್ತಿ ಆ ಮನ್ಯಾಗ ನಿನ್ನ ಹೆಸರು ಬಂದಾಗೊಮ್ಮೆ ನಾ ಬೆವರಬೇಕು. ಅದು ನನ್ನ ಕೈಲೆ ಆಗೂದಿಲ್ಲ.

ಅಪ್ಪ ಶೆಡ್ಡಿಗೆ ಹೋಗಿ ಮಗ್ಗ ಚಾಲು ಮಾಡಿದ.

ಸುನಿ

•

ಬೆಟಗೇರಿ
೫ ಡಿಸೆಂಬರ್ ೨೦೨೪

ರಂಜನಿ,

ಕಾಗದದ ಫೋಟೋ ಇದರ ಜೊತೆಗಿದೆ. ಹೆಸರು, ತಾರೀಕು, ಸಿಕ್ಕಾ ಎಲ್ಲ ಇದೆ. ಸುನಿ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದುಕೊಟ್ಟಳು, ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆಸಿದ್ದು ತಂದೆಯ ತಪ್ಪು, ಮಗಳದ್ದಲ್ಲ ಎಂದು. ಅದಕ್ಕೆ ನಾನು ಸಹಿ ಮಾಡಿದ್ದೇನೆ. ಎರಡನ್ನೂ ಕೊಡು.

ಸೋಮವಾರ ಆಸ್ಪತ್ರೆಗೆ ಹೋದೆ. ಕಿಟಕಿಯ ಹತ್ತಿರ ಬರುತ್ತಲೇ ಗುಮಾಸ್ತ ಗುರುತಿಸಿದ. “ಏನ್ರಿ ಬೀಗರ, ಇತ್ಲಾಗ?” ಎಂದು ನಕ್ಕ. “ಮೊಣಕಾಲು ಬ್ಯಾನಿ” ಎಂದು ಹೇಳಿ ಹೊರಗೆ ಬಂದುಬಿಟ್ಟೆ. ಬಸ್ ನಿಲ್ದಾಣದವರೆಗೆ ನಡೆದೆ. ಬೆಟಗೇರಿಯ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ನೀನು ಗಂಟಲ ಮೇಲೆ ಕೈಯಿಟ್ಟು ಕೂಗಿದ್ದು ನೆನಪಾಗುತ್ತಿತ್ತು. ತಿರುಗಿ ಹೋದೆ. ಮಗ್ಗದವರ ದನಿ ಗೊತ್ತಲ್ಲ, ಮೆಲ್ಲಗೆ ಮಾತಾಡಲು ಬರುವುದಿಲ್ಲ. “ನನ್ನ ಹಿರಿ ಮಗಳಿಗೆ ಕಿವಿ ಕೇಳಂಗಿಲ್ರಿ. ಹದಿನೇಳು ವರ್ಷದ ಹಿಂದಿನ ಕಾಗದ ಬೇಕಾಗೇತ್ರಿ” ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುಮಾಸ್ತ ನಗು ನಿಲ್ಲಿಸಿದ. ಆಮೇಲೆ ಎರಡು ದಿನ ಹುಡುಕಿ ನಕಲು ತೆಗೆದುಕೊಟ್ಟ. ಒಳ್ಳೆಯ ಮನುಷ್ಯ. ಆದರೆ ನನ್ನ ಮುಖ ನೋಡಲಿಲ್ಲ.

ಆ ಗ್ರಾಫಿನ ಮಾತು. ಅವತ್ತು ಡಾಕ್ಟರು ಚೌಕಳಿ ಕಾಗದ ಮುಂದಿಟ್ಟು, ನೋಡಿರಿ, ಇಲ್ಲಿಂದ ಇಳಿದು ಇಲ್ಲಿಗೆ ಬಂದಿದೆ, ಇನ್ನು ಏರುವುದಿಲ್ಲ ಎಂದರು. ಅಂಕಿಗಳು ನನಗೆ ತಿಳಿಯಲಿಲ್ಲ. ಚೌಕಳಿ ಕಾಗದ ಮಾತ್ರ ತಿಳಿಯುತ್ತಿತ್ತು. ಎಷ್ಟೋ ದಿನ ಅದನ್ನು ಕೈಯಲ್ಲಿ ಹಿಡಿದು ಕೂತೆ. ಏನಾದರೂ ಮಾಡದಿದ್ದರೆ ಹುಚ್ಚು ಹಿಡಿಯುತ್ತಿತ್ತು. ನನಗೆ ಬರುವುದು ಒಂದೇ ಕೆಲಸ, ಅದನ್ನು ಮಾಡಿದೆ. ದಡಿ ಚೆನ್ನಾಗಿ ಓಡಿತು. ಲಕ್ಷ್ಮೇಶ್ವರದ ಅಂಗಡಿಯವರು ಎರಡು ಸಲ ಕೇಳಿ ತರಿಸಿಕೊಂಡರು. ಮೊದಲ ಸೀರೆ ನಿನ್ನ ಅವ್ವನಿಗೆ ಕೊಟ್ಟೆ, ಯಾವ ಕಾಗದದ್ದೆಂದು ಹೇಳಲಿಲ್ಲ. ಮಹಬೂಬಸಾಬನೊಬ್ಬನಿಗೆ ಗೊತ್ತಿತ್ತು. ನಾಚಿಕೆಯಾಗಿ ನಿನಗೂ ಮುಚ್ಚಿಟ್ಟೆ.

ನಾಳೆ ಕಚೇರಿ ತೆಗೆಯುತ್ತಲೇ ಹೋಗು.

ಅಪ್ಪ

•

ಬೆಟಗೇರಿ
೪ ಜನವರಿ ೨೦೨೫

ರಂಜನಿ,

ಹೋದ ತಿಂಗಳು ಎಂಟನೇ ತಾರೀಕು ಲಕ್ಷ್ಮೇಶ್ವರದಿಂದ ಯಾರೂ ಬರಲಿಲ್ಲ. ಫೋನ್ ಸಹ ಬರಲಿಲ್ಲ. ನಾವು ಸಂಜೆಯವರೆಗೆ ಚಾಪೆ ಹಾಸಿಕೊಂಡೇ ಇದ್ದೆವು.

ಸುನಿ ಕಂಡಿಕೆಗೆ ನೂಲು ಸುತ್ತಲು ಶೆಡ್ಡಿಗೆ ಬರುತ್ತಿದ್ದಾಳೆ. ಮಗ್ಗ ನಿಂತಾಗಲೂ ಕೈಯಲ್ಲೇ ಮಾತಾಡುತ್ತಾಳೆ, ಬಾಯಿ ಬಿಡುವುದಿಲ್ಲ. ಈ ಪತ್ರದ ಫೋಟೋ ಮಹಬೂಬಸಾಬ ತೆಗೆದಿದ್ದಾನೆ, ಓರೆಯಾಗಿದ್ದರೆ ಸಾವರಿಸಿಕೋ.

ನೀನು ಓದು.

ಅಪ್ಪ

•

ಲೀಡ್ಸ್
೧೨ ಫೆಬ್ರವರಿ ೨೦೨೫

ಅಪ್ಪಾ,

ಕಾಗದ ಒಪ್ಪಿದ್ದನ್ನು ಆಗಲೇ ಮೆಸೇಜಿನಲ್ಲಿ ತಿಳಿಸಿದ್ದೆ. ಉದ್ದ ಬರೆಯಲು ಇಷ್ಟು ದಿನ ಮುಖವಿರಲಿಲ್ಲ.

ಈ ಟರ್ಮಿನಿಂದ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಾರೆ. ಮೊದಲ ದಿನ ಪರದೆಯ ಮೇಲೆ ಬಂದ ಮೊದಲ ಸಾಲು, ‘ಯಾರಾದರೂ ಆ ಕಿಟಕಿ ಮುಚ್ಚುತ್ತೀರಾ, ಬಹಳ ಚಳಿ.’ ಮೀಸೆಯ ಪ್ರೊಫೆಸರು ಹೇಳಿದ್ದು. ನಾನು ಎದ್ದು ಹೋಗಿ ಮುಚ್ಚಿದೆ. ಇಡೀ ಕ್ಲಾಸಿನಲ್ಲಿ ಆ ಮಾತಿಗೆ ಎದ್ದವಳು ನಾನೊಬ್ಬಳೇ. ವಾಪಸ್ ಬಂದು ಕೂತಾಗ ಕಣ್ಣೀರು ತಡೆಯಲಾಗಲಿಲ್ಲ.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಜನವರಿಯ ಎರಡು ಪೇಪರು ಹೋಗಿವೆ, ಆಗಸ್ಟಿನಲ್ಲಿ ಮತ್ತೆ ಬರೆಯಬೇಕು. ಅದರಲ್ಲೂ ಹೋದರೆ ಸುನಿಯ ಮದುವೆ ನುಂಗಿದ್ದೂ ದಂಡ.

ನಿನ್ನೆ ಇಲ್ಲಿನ ಆಸ್ಪತ್ರೆಯಲ್ಲಿ ನನ್ನ ಸರದಿ ಇತ್ತು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕೊನೆಗೆ ಒಂದು ಚೌಕಳಿ ಕಾಗದ ಕೊಟ್ಟರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ. ರೂಮಿಗೆ ಬಂದು ಅದನ್ನು ಮಂಚದ ಮೇಲೆ ಎಸೆದು ಚಹಾ ಮಾಡಿಕೊಂಡೆ. ತಿರುಗಿ ನೋಡಿದರೆ ಕಾಗದ ಕೌದಿಯ ಹಳದಿ ತುಂಡಿನ ಮೇಲೆ ಬಿದ್ದಿತ್ತು. ಕಾಗದದ ಮೆಟ್ಟಿಲು, ಕೌದಿಯ ಮೆಟ್ಟಿಲು. ಬೆರಳಿಟ್ಟು ಒಂದೊಂದೇ ಎಣಿಸಿದೆ. ಹದಿನೇಳು ವರ್ಷದಲ್ಲಿ ಒಂದೂ ಏರಿಲ್ಲ, ಒಂದೂ ಇಳಿದಿಲ್ಲ. ಸುನಿ ಕಳಿಸಿದ್ದ ಗ್ರಾಫನ್ನು, ಹೆಸರಿಲ್ಲದ್ದೆಂದು ಸರಿಯಾಗಿ ನೋಡದೆ ಬಿಟ್ಟಿದ್ದೆ. ಈಗ ತೆಗೆದು ನೋಡಿದೆ. ಅದೇ.

ಒಂದು ತಿಂಗಳು ಆ ಕಾಗದಕ್ಕಾಗಿ ನಿನ್ನ ಜೀವ ತಿಂದೆ ಅಪ್ಪಾ. ಅದನ್ನೇ ಹೊದ್ದುಕೊಂಡು ಕೂತು ತಿಂದೆ.

ಲಕ್ಷ್ಮೇಶ್ವರಕ್ಕೂ ಆ ಸೀರೆ ಹೋಗಿತ್ತು ಎಂದು ಬರೆದಿದ್ದೀಯ. ಅಲ್ಲಿ ಯಾವಳೋ ನನ್ನ ಎರಡೂ ಕಿವಿಗಳನ್ನು ಉಟ್ಟುಕೊಂಡು, ಕಟ್ಟೆಯ ಮೇಲೆ ಕೂತು, ಬೆಟಗೇರಿಯವರ ಮನೆತನದಾಗ ಕಿವುಡು ಐತಂತ ಎಂದು ಹೇಳುತ್ತಿರಬಹುದು. ಇದನ್ನು ಸುನಿಗೆ ಹೇಳಿ ನಗಿಸಬೇಕೆನ್ನಿಸಿತು. ಮೊದಲಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಡಿಸೆಂಬರಿನಿಂದ ಅವಳಿಗೆ ಹನ್ನೊಂದು ಮೆಸೇಜು ಹಾಕಿದ್ದೇನೆ. ಎಲ್ಲವನ್ನೂ ನೋಡಿದ್ದಾಳೆ. ಒಂದಕ್ಕೂ ಉತ್ತರವಿಲ್ಲ. ಅವಳು ಬೇಕೆಂದೇ ಮಾಡಿದ್ದು, ಯಾರೂ ಒತ್ತಾಯಿಸಲಿಲ್ಲ ಎಂದು ನೀನು ಹೇಳಬಹುದು. ಆದರೂ ಕಳೆದುಕೊಂಡವಳು ಅವಳೇ.

ಇದನ್ನು ಮಹಬೂಬಸಾಬ ಕಾಕಾನ ಫೋನಿಗೇ ಕಳಿಸುತ್ತಿದ್ದೇನೆ. ಅವಳ ಮುಂದೆ ಇಡು. ಓದು ಎಂದು ಹೇಳಬೇಡ, ಸುಮ್ಮನೆ ಕಂಡಿಕೆಯ ಬುಟ್ಟಿಯ ಹತ್ತಿರ ಇಡು. ಆಮೇಲೆ ನೀನು ಎರಡೇ ಸಾಲು ಬರೆದರೂ ಸಾಕು.

ಆ ಸಾಲುಗಳ ಫೋಟೋ ಯಾರ ಫೋನಿನಿಂದ ಬರುತ್ತದೆ ಎಂದು ಕಾಯುತ್ತಿರುತ್ತೇನೆ.

ನಿನ್ನ
ರಂಜನಿ